ಆಂತರಿಕ ಭದ್ರತೆ ಮತ್ತು ಇಂಟೆಲಿಜೆನ್ಸ್ ಬ್ಯೂರೋ: ಶಾಸನವಿಲ್ಲದ ಸಂಸ್ಥೆಯ ಹೊಣೆ ಯಾರದು?



2013ರ ಆಗಸ್ಟ್ ಕೊನೆಯಲ್ಲಿ ಬಿಹಾರ–ನೇಪಾಳ ಗಡಿಯಲ್ಲಿ ಯಾಸೀನ್ ಭಟ್ಕಳ್ ಸೆರೆಸಿಕ್ಕ. ಇಂಡಿಯನ್ ಮುಜಾಹಿದೀನ್ ಸಂಘಟನೆಯ ಈ ಪ್ರಮುಖನ ಹೆಸರಿಗೆ ಅಂಟಿಕೊಂಡಿರುವುದು ಉತ್ತರ ಕನ್ನಡದ ಊರು. ಹಾಗಾಗಿ ಕರ್ನಾಟಕದಲ್ಲಿ ಆ ಸುದ್ದಿಗೆ ಹೆಚ್ಚಿನ ಸದ್ದು. ಸುದ್ದಿಯಲ್ಲಿ ಮೂರು ಸಂಸ್ಥೆಗಳ ಹೆಸರಿದ್ದವು. ಆತನ ಜಾಡು ಹಿಡಿದದ್ದು ಇಂಟೆಲಿಜೆನ್ಸ್ ಬ್ಯೂರೋ, ಅಂದರೆ ಐಬಿ. ಬಂಧಿಸಿದ್ದು ಬಿಹಾರ ಪೊಲೀಸರು. ವಶಕ್ಕೆ ಪಡೆದು, ಹೈದರಾಬಾದಿನ ದಿಲ್‌ಸುಖ್‌ನಗರ ಸ್ಫೋಟದ ಮೊಕದ್ದಮೆ ನಡೆಸಿ, 2016ರ ಡಿಸೆಂಬರ್‌ನಲ್ಲಿ ಶಿಕ್ಷೆ ಕೊಡಿಸಿದ್ದು ರಾಷ್ಟ್ರೀಯ ತನಿಖಾ ಸಂಸ್ಥೆ, ಎನ್‌ಐಎ.

ಒಬ್ಬ ಆರೋಪಿಯ ಹಿಂದೆ ಮೂರು ಸಂಸ್ಥೆಗಳು ಏಕೆ? ಭಾರತದ ಆಂತರಿಕ ಭದ್ರತೆಯ ಕಟ್ಟಡದ ನಕ್ಷೆಯೇ ಹಾಗಿದೆ. ಗುಟ್ಟಾಗಿ ಮಾಹಿತಿ ಕಲೆಹಾಕುವವರ ಕೈಗೆ ಕೋಳ ಕೊಟ್ಟಿಲ್ಲ. ಕೋಳ ಹಿಡಿದವರು ನ್ಯಾಯಾಲಯದ ಮುಂದೆ ಲೆಕ್ಕ ಒಪ್ಪಿಸಲೇಬೇಕು. ನಾಗರಿಕನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಈ ಕ್ಷೇತ್ರದಲ್ಲಿ ಬೇರೆ ಇಲ್ಲ. ಆದರೆ ಈ ರಕ್ಷಣೆ ನಿಂತಿರುವುದು ರೂಢಿಯ ಮೇಲೆ, ಆಡಳಿತಾತ್ಮಕ ಆದೇಶಗಳ ಮೇಲೆ. ಐಬಿ ಏನು ಮಾಡಬಹುದು, ಏನು ಮಾಡಕೂಡದು ಎಂದು ಹೇಳುವ ಸಂಸತ್ತಿನ ಕಾಯ್ದೆಯೊಂದು ಇಂದಿಗೂ ಇಲ್ಲ. ಅಂಥದೊಂದು ಕಾಯ್ದೆ ಜನರಿಗೆ ಎಷ್ಟು ಅಗತ್ಯವೋ ಐಬಿಯಲ್ಲಿ ದುಡಿಯುವವರಿಗೂ ಅಷ್ಟೇ ಅಗತ್ಯ ಎಂಬುದು ಈ ಉಪನ್ಯಾಸದ ವಾದ.

ವಸಾಹತು ಕಾಲದ ಹುಟ್ಟು

ಐಬಿ ತನ್ನ ಹುಟ್ಟಿದ ದಿನವೆಂದು ಲೆಕ್ಕ ಹಿಡಿಯುವುದು 1887ರ ಡಿಸೆಂಬರ್ 23ನ್ನು. ವೈಸ್‌ರಾಯ್ ಡಫರಿನ್ ಕಾಲದಲ್ಲಿ, ಲಂಡನ್ನಿನ ಭಾರತ ಸಚಿವರ ಒಪ್ಪಿಗೆಯ ಮೇರೆಗೆ, ಸೆಂಟ್ರಲ್ ಸ್ಪೆಷಲ್ ಬ್ರಾಂಚ್ ಎಂಬ ಪುಟ್ಟ ಘಟಕ ಆರಂಭವಾಯಿತು. ಥಗ್ಗರನ್ನೂ ದರೋಡೆಕೋರರನ್ನೂ ಹತ್ತಿಕ್ಕಲು ಇದ್ದ ಹಳೆಯ ಇಲಾಖೆಗೆ ಅಂಟಿಕೊಂಡೇ ಅದು ಬೆಳೆಯಿತು. ದೇಶದ ರಾಜಕೀಯ ಮತ್ತು ಧಾರ್ಮಿಕ ಚಳವಳಿಗಳ ಮೇಲೆ ಕಣ್ಣಿಡುವುದು ಅದಕ್ಕೆ ವಹಿಸಿದ ಕೆಲಸ. ಫ್ರೇಸರ್ ಪೊಲೀಸ್ ಆಯೋಗದ ನಂತರ, ಕರ್ಜನ್ ಆಡಳಿತದಲ್ಲಿ, 1904ರಲ್ಲಿ ಅದು ಡಿಪಾರ್ಟ್‌ಮೆಂಟ್ ಆಫ್ ಕ್ರಿಮಿನಲ್ ಇಂಟೆಲಿಜೆನ್ಸ್ ಆಯಿತು. 1920ರಲ್ಲಿ ಈಗಿನ ಹೆಸರು ಬಂತು. 1924ರಿಂದ 1931ರವರೆಗೆ ಅದರ ನಿರ್ದೇಶಕರಾಗಿದ್ದ ಡೇವಿಡ್ ಪೆಟ್ರಿ ಮುಂದೆ ಎರಡನೇ ಮಹಾಯುದ್ಧದ ವೇಳೆ ಬ್ರಿಟನ್ನಿನ ಎಂಐ5 ಮುಖ್ಯಸ್ಥರಾದರು. ಸ್ವಾತಂತ್ರ್ಯ ಹೋರಾಟಗಾರರನ್ನು ಹಿಂಬಾಲಿಸಿ ಕಲಿತ ವಿದ್ಯೆ ಲಂಡನ್ನಿನಲ್ಲೂ ಬೆಲೆ ಪಡೆಯಿತು.

1947ರಲ್ಲಿ ಟಿ.ಜಿ. ಸಂಜೀವಿ ಪಿಳ್ಳೆ ಮೊದಲ ಭಾರತೀಯ ನಿರ್ದೇಶಕರಾದರು. ಅವರ ನಂತರ ಬಂದ ಬಿ.ಎನ್. ಮಲಿಕ್ 1950ರಿಂದ 1964ರವರೆಗೆ, ಹೆಚ್ಚುಕಡಿಮೆ ನೆಹರೂ ಯುಗದುದ್ದಕ್ಕೂ, ಆ ಕುರ್ಚಿಯಲ್ಲಿದ್ದರು. ಆಗ ಐಬಿಗೆ ಒಳಗೂ ತನ್ನದೇ, ಹೊರಗೂ ತನ್ನದೇ. 1959ರ ಅಕ್ಟೋಬರ್ 21ರಂದು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಬಳಿ ಚೀನೀ ಸೈನಿಕರ ಗುಂಡಿಗೆ ಹತ್ತು ಮಂದಿ ಪೊಲೀಸರು ಬಲಿಯಾದರಲ್ಲ, ಆ ತಂಡದ ನೇತೃತ್ವ ವಹಿಸಿದ್ದ ಕರಮ್ ಸಿಂಗ್ ಐಬಿಯ ಅಧಿಕಾರಿ. ಪ್ರತಿವರ್ಷ ಅಕ್ಟೋಬರ್ 21ರಂದು ನಮ್ಮ ಜಿಲ್ಲಾ ಕೇಂದ್ರಗಳ ಕವಾಯತು ಮೈದಾನಗಳಲ್ಲೂ ನಡೆಯುವ ಪೊಲೀಸ್ ಹುತಾತ್ಮರ ದಿನಾಚರಣೆಗೆ ಆ ಘಟನೆಯೇ ಮೂಲ.

1962ರ ಚೀನಾ ಯುದ್ಧ, 1965ರ ಪಾಕಿಸ್ತಾನ ಯುದ್ಧ, ಈ ಎರಡೂ ಒಂದೇ ಸಂಸ್ಥೆ ಎರಡು ಹೊರೆ ಹೊರಲಾರದೆಂದು ತೋರಿಸಿಕೊಟ್ಟವು. 1968ರಲ್ಲಿ ಆರ್.ಎನ್. ಕಾವ್ ಮುಂದಾಳತ್ವದಲ್ಲಿ ವಿದೇಶಿ ಬೇಹುಗಾರಿಕೆಗೆಂದು ‘ರಾ’ ಪ್ರತ್ಯೇಕವಾಯಿತು. ಐಬಿಗೆ ಉಳಿದದ್ದು ದೇಶದ ಒಳಗಿನ ಹೊಣೆ.

ಒಳಗಿನ ರಚನೆ

ಐಬಿ ಕೇಂದ್ರ ಗೃಹ ಸಚಿವಾಲಯದ ಅಡಿ ಬರುತ್ತದೆ. ನಿರ್ದೇಶಕರ ಕೆಳಗೆ ವಿಶೇಷ, ಹೆಚ್ಚುವರಿ, ಜಂಟಿ ನಿರ್ದೇಶಕರ ಶ್ರೇಣಿ. ಮೇಲಿನ ಹುದ್ದೆಗಳಲ್ಲಿ ಬಹುಪಾಲು ರಾಜ್ಯಗಳಿಂದ ನಿಯೋಜನೆ ಮೇಲೆ ಬಂದ ಐಪಿಎಸ್ ಅಧಿಕಾರಿಗಳು. ಕೆಳಗಿನ ಹಂತದಲ್ಲಿ ಐಬಿಯೇ ನೇರವಾಗಿ ನೇಮಿಸಿಕೊಂಡ ಅಸಿಸ್ಟೆಂಟ್ ಸೆಂಟ್ರಲ್ ಇಂಟೆಲಿಜೆನ್ಸ್ ಆಫೀಸರ್‌ಗಳು, ಕಿರಿಯ ಗುಪ್ತಚರ ಅಧಿಕಾರಿಗಳು, ಭದ್ರತಾ ಸಹಾಯಕರು. ರಾಜ್ಯಗಳ ರಾಜಧಾನಿಗಳಲ್ಲಿ ಸಬ್ಸಿಡಿಯರಿ ಇಂಟೆಲಿಜೆನ್ಸ್ ಬ್ಯೂರೋಗಳು. ಅವುಗಳಡಿ ಜಿಲ್ಲೆಗಳಲ್ಲಿ, ಗಡಿಗಳಲ್ಲಿ ಸಣ್ಣ ಕಚೇರಿಗಳು. ಊರಿನ ಸಂತೆಯಲ್ಲಿ, ಧರಣಿಯ ಅಂಚಿನಲ್ಲಿ, ಗಡಿಯ ಚಹಾದಂಗಡಿಯಲ್ಲಿ ಕಿವಿ ತೆರೆದು ಕೂರುವವನು ಈ ಕೆಳಹಂತದ ನೌಕರನೇ. ಅವನಿಗೆ ಸಮವಸ್ತ್ರವಿಲ್ಲ, ಲಾಠಿಯಿಲ್ಲ, ಮನೆ ಶೋಧಿಸುವ ಅಧಿಕಾರವಿಲ್ಲ.

2013ರಲ್ಲಿ ಸಂಸತ್ತಿಗೆ ನೀಡಿದ ಉತ್ತರದ ಪ್ರಕಾರ ಮಂಜೂರಾದ ಹುದ್ದೆಗಳು 26,867, ಕೆಲಸದಲ್ಲಿದ್ದವರು 18,795. ಎಂಟು ಸಾವಿರ ಕುರ್ಚಿ ಖಾಲಿ. ಯಂತ್ರಗಳು ಫೋನ್ ಕೇಳಬಹುದು, ಉಪಗ್ರಹ ಚಿತ್ರ ತೆಗೆಯಬಹುದು. ಆದರೆ ಒಂದು ಬಡಾವಣೆಗೆ ಹೊಸದಾಗಿ ಬಂದ ಬಾಡಿಗೆದಾರನ ಬಗ್ಗೆ ನೆರೆಯವರಿಗೆ ಇರುವ ಅನುಮಾನ ಮನುಷ್ಯರ ಮೂಲಕವೇ ತಲುಪಬೇಕು. ಖಾಲಿ ಹುದ್ದೆಯ ಪರಿಣಾಮ ಮೊದಲು ಕಾಣುವುದು ಅಲ್ಲಿ.

ಐಬಿಯ ಕೆಲಸದ ಹರವು ಸಾಮಾನ್ಯವಾಗಿ ಊಹಿಸುವುದಕ್ಕಿಂತ ದೊಡ್ಡದು. ಶತ್ರು ದೇಶದ ಗೂಢಚಾರರನ್ನು ಪತ್ತೆಹಚ್ಚುವುದು, ಭಯೋತ್ಪಾದನೆ, ಸಶಸ್ತ್ರ ಬಂಡಾಯ, ಕೋಮು ಉದ್ವಿಗ್ನತೆಯ ಮುನ್ಸೂಚನೆ ಕೊಡುವುದು, ಗಣ್ಯರಿಗೆ ಇರುವ ಅಪಾಯವನ್ನು ಅಳೆಯುವುದು, ಉನ್ನತ ಹುದ್ದೆಗೆ ಆಯ್ಕೆಯಾಗುವವರ ಹಿನ್ನೆಲೆ ಪರಿಶೀಲಿಸುವುದು ಎಲ್ಲವೂ ಅದರ ಪಾಲಿಗಿವೆ. ಹೈಕೋರ್ಟ್ ನ್ಯಾಯಮೂರ್ತಿಗಳ ನೇಮಕದಲ್ಲೂ ಅದರ ವರದಿ ಓದಲಾಗುತ್ತದೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಲಿಜಿಯಂ ಅಂಥ ವರದಿಯ ಅಂಶಗಳನ್ನು ತನ್ನ ನಿರ್ಣಯದಲ್ಲೇ ಪ್ರಕಟಿಸಿದಾಗ ದೇಶಕ್ಕೆ ಈ ಪದ್ಧತಿಯ ಒಳನೋಟ ಅಪರೂಪಕ್ಕೆ ಸಿಕ್ಕಿತು. ಇನ್ನು, ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ವಿದೇಶಕ್ಕೆ ಹೊರಟವರ ಪಾಸ್‌ಪೋರ್ಟ್ ನೋಡಿ ಮೊಹರು ಒತ್ತುವ ಬ್ಯೂರೋ ಆಫ್ ಇಮಿಗ್ರೇಷನ್ ಕೂಡ ಐಬಿಯ ನಿಯಂತ್ರಣದಲ್ಲಿಯೇ ನಡೆಯುತ್ತದೆ. ಲುಕ್‌ಔಟ್ ನೋಟಿಸ್ ಇರುವವರನ್ನು ತಡೆದು ನಿಲ್ಲಿಸುವುದೂ ಅಲ್ಲಿಯೇ.

ತಡವಾಗಿ ತಲುಪಿದ ಸುಳಿವು

ಸುಳಿವು ಸಿಗುವುದು ಕೆಲಸದ ಅರ್ಧ ಮಾತ್ರ. 1995ರ ಡಿಸೆಂಬರ್ 17ರ ರಾತ್ರಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿಮಾನವೊಂದು ಎಕೆ–47 ಬಂದೂಕು, ಮದ್ದುಗುಂಡುಗಳನ್ನು ಪ್ಯಾರಾಚೂಟ್ ಕಟ್ಟಿ ಉದುರಿಸಿತು. ಹೀಗಾಗಬಹುದೆಂಬ ಮಾಹಿತಿ ದಿಲ್ಲಿಗೆ ಮೊದಲೇ ಬಂದಿತ್ತು. ರಾಜ್ಯ ಸರ್ಕಾರಕ್ಕೆ ಎಚ್ಚರಿಕೆಯ ಪತ್ರವನ್ನು ಕಳಿಸಿದ್ದು ರಿಜಿಸ್ಟರ್ಡ್ ಅಂಚೆಯಲ್ಲಿ! ಅದು ಕೈಸೇರುವ ಹೊತ್ತಿಗೆ ಹಳ್ಳಿಗರು ಹೊಲದಲ್ಲಿ ಬಿದ್ದಿದ್ದ ಬಂದೂಕುಗಳನ್ನು ಎತ್ತಿಕೊಂಡಾಗಿತ್ತು.

ಹದಿಮೂರು ವರ್ಷಗಳ ನಂತರ ಅದೇ ಲೋಪ ಘೋರ ರೂಪದಲ್ಲಿ ಮರುಕಳಿಸಿತು. 2008ರ ನವೆಂಬರ್ 26ರಂದು ಹತ್ತು ಭಯೋತ್ಪಾದಕರು ಸಮುದ್ರದ ದಾರಿಯಲ್ಲಿ ಮುಂಬೈಗೆ ನುಗ್ಗಿ 166 ಜನರನ್ನು ಕೊಂದರು. ಮಹಾರಾಷ್ಟ್ರ ಸರ್ಕಾರ ನೇಮಿಸಿದ ಆರ್.ಡಿ. ಪ್ರಧಾನ್ ಮತ್ತು ವಪ್ಪಾಲ ಬಾಲಚಂದ್ರನ್ ಅವರ ಇಬ್ಬರು ಸದಸ್ಯರ ಸಮಿತಿ ಕಡತಗಳನ್ನು ತಿರುವಿ ನೋಡಿದಾಗ, ಸಮುದ್ರ ಮಾರ್ಗದ ದಾಳಿಯ ಬಗ್ಗೆ, ತಾಜ್ ಹೋಟೆಲಿನ ಬಗ್ಗೆ ಹಿಂದೆಯೇ ಹಲವು ಮುನ್ಸೂಚನೆಗಳು ಬಂದಿದ್ದವು ಎಂಬುದು ಗೊತ್ತಾಯಿತು. ಅವುಗಳನ್ನು ಒಟ್ಟಿಗೆ ಇಟ್ಟು ಓದಿದವರಿಲ್ಲ. ಓದಿ, ಇಂಥ ಠಾಣೆಯವರು ಇಂಥದ್ದು ಮಾಡಬೇಕು ಎಂದು ಬೆನ್ನುಬಿದ್ದವರೂ ಇಲ್ಲ.

ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಸಮಿತಿಯ ವರದಿ, ಅದನ್ನು ಆಧರಿಸಿ 2001ರಲ್ಲಿ ಬಂದ ಸಚಿವರ ಗುಂಪಿನ ವರದಿ ಇದೇ ರೋಗವನ್ನು ಗುರುತಿಸಿದ್ದವು. ಎಲ್ಲ ಸಂಸ್ಥೆಗಳ ಮಾಹಿತಿ ಒಂದೆಡೆ ಸೇರಲೆಂದು ಐಬಿಯೊಳಗೆ ಮಲ್ಟಿ ಏಜೆನ್ಸಿ ಸೆಂಟರ್ ಹುಟ್ಟಿದ್ದು ಆಗಲೇ. ಮುಂಬೈ ದಾಳಿಯವರೆಗೂ ಅದು ದುರ್ಬಲವಾಗಿಯೇ ಇತ್ತು. 2008ರ ಡಿಸೆಂಬರ್ 31ರಂದು ಹೊಸ ಆದೇಶ ಹೊರಟಿತು: ಮಾಹಿತಿ ಹಂಚಿಕೊಳ್ಳುವುದು ಇನ್ನು ಕರ್ತವ್ಯ, ಕೇಂದ್ರ ದಿನದ 24 ಗಂಟೆಯೂ ತೆರೆದಿರಬೇಕು, ರಾಜ್ಯಗಳಲ್ಲಿ ಅದರ ಶಾಖೆಗಳು ಇರಬೇಕು. ಎನ್‌ಐಎ ಕಾಯ್ದೆ ಜಾರಿಗೆ ಬಂದದ್ದೂ ಆ ದಿನವೇ.

ಮರುವರ್ಷ ಡಿಸೆಂಬರ್ 23ರಂದು, ಐಬಿ ಶತಮಾನೋತ್ಸವ ದತ್ತಿ ಉಪನ್ಯಾಸದಲ್ಲಿ, ಆಗಿನ ಗೃಹ ಸಚಿವ ಪಿ. ಚಿದಂಬರಂ ಇನ್ನೊಂದು ಹೆಜ್ಜೆ ಮುಂದೆ ಇಟ್ಟರು. ಭಯೋತ್ಪಾದನೆ ತಡೆಗೆ ಒಂದೇ ರಾಷ್ಟ್ರೀಯ ಕೇಂದ್ರ, ಅಂದರೆ ಎನ್‌ಸಿಟಿಸಿ, ಬೇಕೆಂದರು. 2012ರ ಫೆಬ್ರವರಿ 3ರಂದು ಆದೇಶವೂ ಆಯಿತು. ಆ ಕೇಂದ್ರವನ್ನು ಐಬಿಯ ಒಳಗೇ ಇಟ್ಟು, ಅದರ ಅಧಿಕಾರಿಗಳಿಗೆ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯಡಿ ಬಂಧನ ಮತ್ತು ಶೋಧದ ಅಧಿಕಾರ ಕೊಡಲಾಗಿತ್ತು. ಆಗ ಎದ್ದ ಪ್ರತಿರೋಧ ನೆನಪಿಡುವಂಥದ್ದು. ಒಡಿಶಾದ ನವೀನ್ ಪಟ್ನಾಯಕ್, ಬಂಗಾಳದ ಮಮತಾ ಬ್ಯಾನರ್ಜಿ, ತಮಿಳುನಾಡಿನ ಜಯಲಲಿತಾ, ಗುಜರಾತಿನ ನರೇಂದ್ರ ಮೋದಿ, ಹೀಗೆ ಪಕ್ಷಭೇದ ಮೀರಿ ಮುಖ್ಯಮಂತ್ರಿಗಳು ವಿರೋಧಿಸಿದರು. ಪೊಲೀಸ್ ಮತ್ತು ಸಾರ್ವಜನಿಕ ಶಾಂತಿ ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಪಟ್ಟಿಯ ವಿಷಯಗಳು. ರಾಜ್ಯಕ್ಕೆ ತಿಳಿಸದೆ ದಿಲ್ಲಿಯ ಗುಪ್ತಚರರು ಬಂದು ಜನರನ್ನು ಎತ್ತಿಕೊಂಡು ಹೋಗುವುದನ್ನು ಒಪ್ಪಲಾಗದು ಎಂಬುದು ಅವರ ವಾದ. ಆದೇಶ ಮೂಲೆ ಸೇರಿತು.

ಅದು ಸೇರಬೇಕಾದ ಜಾಗವೇ. ಒಂದೆಡೆ ಕೂತು ಎಲ್ಲ ಮಾಹಿತಿಯನ್ನು ಓದುವ ಕೇಂದ್ರ ಬೇಕು, ನಿಜ. ಅದಕ್ಕೆ ಬಂಧಿಸುವ ಅಧಿಕಾರ ಯಾಕೆ ಬೇಕು? 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಏಪ್ರಿಲ್ 12ರಂದು ಇಬ್ಬರು ಪ್ರಮುಖ ಆರೋಪಿಗಳು ಪಶ್ಚಿಮ ಬಂಗಾಳದಲ್ಲಿ ಎನ್‌ಐಎ ಕೈಗೆ ಸಿಕ್ಕರು. ಕೇಂದ್ರದ ಗುಪ್ತಚರ ಸಂಸ್ಥೆಗಳು, ಬಂಗಾಳ, ತೆಲಂಗಾಣ, ಕೇರಳ, ಕರ್ನಾಟಕದ ಪೊಲೀಸರು ಜೊತೆಯಾಗಿ ದುಡಿದ ಫಲ ಅದು. ಅಧಿಕಾರ ಹಂಚಿಹೋಗಿದ್ದರೂ ಕೆಲಸ ನಿಲ್ಲಲಿಲ್ಲ.

ಕೊನೆಗೂ ಎಲ್ಲ ನಿಲ್ಲುವುದು ಠಾಣೆಯ ಮೇಲೆ. ಸುಮಾರು 320 ಕಿಲೋಮೀಟರ್ ಉದ್ದದ ನಮ್ಮ ಕರಾವಳಿಯನ್ನು ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸರು ಕಾಯುತ್ತಾರೆ. ಮುಂಬೈಗೆ ಬಂದ ಹತ್ತು ಮಂದಿ ಬಳಸಿದ್ದು ಅಪಹರಿಸಿದ ಭಾರತದ್ದೇ ಮೀನುಗಾರಿಕಾ ದೋಣಿಯನ್ನು. ಹಾಗಾಗಿ ಅಪರಿಚಿತ ದೋಣಿಯನ್ನು ಮೊದಲು ಕಾಣುವ ಮೊಗವೀರನಿಗೆ ಠಾಣೆಗೆ ಹೋಗಿ ಹೇಳುವ ಧೈರ್ಯ ಇರಬೇಕು, ಹೇಳಿದ್ದನ್ನು ಬರೆದುಕೊಳ್ಳುವ ಪೊಲೀಸ್ ಇರಬೇಕು. ಬೀಟ್ ವ್ಯವಸ್ಥೆ ಸೊರಗಿದರೆ ದಿಲ್ಲಿಯ ಕೇಂದ್ರಕ್ಕೆ ಓದಲು ಏನೂ ಇರುವುದಿಲ್ಲ.

ಗೆರೆ ಮಸುಕಾದಾಗ

ಮಾಹಿತಿ ಮತ್ತು ಬಂಧನದ ನಡುವಿನ ಗೆರೆ ಮಸುಕಾದರೆ ಏನಾಗುತ್ತದೆಂಬುದಕ್ಕೆ ಇಸ್ರೊ ಗೂಢಚರ್ಯೆ ಪ್ರಕರಣವೇ ಸಾಕ್ಷಿ. 1994ರ ನವೆಂಬರ್ ಕೊನೆಯಲ್ಲಿ ಕ್ರಯೋಜೆನಿಕ್ ಎಂಜಿನ್ ಯೋಜನೆಯ ಹಿರಿಯ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಕೇರಳ ಪೊಲೀಸರು ಬಂಧಿಸಿದರು. ಅವರನ್ನು ಪ್ರಶ್ನಿಸಿದವರಲ್ಲಿ ಐಬಿ ಅಧಿಕಾರಿಗಳಿದ್ದರು. 1996ರಲ್ಲಿ ಸಿಬಿಐ, ಗೂಢಚರ್ಯೆ ನಡೆದೇ ಇಲ್ಲ ಎಂದು ವರದಿ ಕೊಟ್ಟಿತು. 1998ರಲ್ಲಿ ಸುಪ್ರೀಂ ಕೋರ್ಟ್ ಮರುತನಿಖೆಯ ಪ್ರಯತ್ನವನ್ನೂ ರದ್ದು ಮಾಡಿತು. ಬಂಧನ ಅನಗತ್ಯವಾಗಿತ್ತು ಎಂದು ಹೇಳಿ 50 ಲಕ್ಷ ರೂಪಾಯಿ ಪರಿಹಾರ ವಿಧಿಸಿದ್ದು 2018ರ ಸೆಪ್ಟೆಂಬರ್ 14ರಂದು. ಇಪ್ಪತ್ನಾಲ್ಕು ವರ್ಷ ಹಿಡಿಯಿತು. ಬೆಂಗಳೂರಿನಲ್ಲಿ ನೆಲೆಸಿದ್ದ ಮತ್ತೊಬ್ಬ ಆರೋಪಿ ಆ ತೀರ್ಪು ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಇಲ್ಲಿ ಯೋಚಿಸಬೇಕಾದದ್ದು ಹೊಣೆಯ ಬಗ್ಗೆ. ಬಂಧಿಸಿದವರು ಪೊಲೀಸರು, ಅವರ ಹೆಸರು ಕಡತದಲ್ಲಿದೆ. ಪಕ್ಕದಲ್ಲಿ ಕೂತು ಪ್ರಶ್ನಿಸಿದ ಗುಪ್ತಚರ ಅಧಿಕಾರಿಗೆ ಯಾವ ಕಾನೂನಿನಡಿ ಆ ಅಧಿಕಾರ ಬಂತು? ಅವನು ಮಿತಿ ಮೀರಿದರೆ ಯಾರ ಬಳಿ ದೂರು ಕೊಡಬೇಕು? ಇಂಥ ಪ್ರಶ್ನೆಗೆ ಉತ್ತರ ಬರೆದಿಟ್ಟ ಶಾಸನ ಇಲ್ಲ.

ರಾಜಕೀಯ ದುರ್ಬಳಕೆಯ ಕಥೆ ಇನ್ನೂ ಹಳೆಯದು. 2015ರಲ್ಲಿ ಬೆಳಕಿಗೆ ಬಂದ ಕಡತಗಳು, ನೇತಾಜಿ ಸುಭಾಷ್‌ಚಂದ್ರ ಬೋಸರ ಕುಟುಂಬದವರ ಮೇಲೆ 1948ರಿಂದ 1968ರವರೆಗೆ ಐಬಿ ಕಣ್ಣಿಟ್ಟಿತ್ತು ಎಂಬುದನ್ನು ತೋರಿಸಿದವು. ತುರ್ತುಪರಿಸ್ಥಿತಿಯ ನಂತರ ಐಬಿ ಮತ್ತು ಸಿಬಿಐ ದುರ್ಬಳಕೆ ತಡೆಯುವ ದಾರಿ ಹುಡುಕಲು ಜನತಾ ಸರ್ಕಾರ ಎಲ್.ಪಿ. ಸಿಂಗ್ ಸಮಿತಿ ನೇಮಿಸಿತು. ಅದರ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ಕರ್ನಾಟಕಕ್ಕೂ ಇದರ ಬಿಸಿ ಬೇರೆ ರೂಪದಲ್ಲಿ ತಟ್ಟಿದೆ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ತೊರೆದದ್ದು ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ.

ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಕದ್ದಾಲಿಕೆಗೆ ನಿಯಮ ಹಾಕಿಕೊಟ್ಟಿತು. ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು, ಪರಿಶೀಲನಾ ಸಮಿತಿ ಅದನ್ನು ನೋಡಬೇಕು ಎಂದಿತು. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದರೂ ಚೌಕಟ್ಟು ಅದೇ. ಅನುಮತಿ ಕೊಡುವವರು ಅಧಿಕಾರಿಗಳು, ಪರಿಶೀಲಿಸುವವರೂ ಅಧಿಕಾರಿಗಳು. ನ್ಯಾಯಾಧೀಶರಿಗೆ ಅದರಲ್ಲಿ ಪಾತ್ರವಿಲ್ಲ.

ಶಾಸನದ ಪ್ರಶ್ನೆ

ಸಂವಿಧಾನದ ಕೇಂದ್ರಪಟ್ಟಿಯ 8ನೇ ನಮೂದಿನಲ್ಲಿ ‘ಕೇಂದ್ರ ಗುಪ್ತವಾರ್ತೆ ಮತ್ತು ತನಿಖಾ ಬ್ಯೂರೋ’ ಎಂಬ ವಿಷಯವಿದೆ. 1949ರಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಇದರ ಚರ್ಚೆ ಬಂದಾಗ ಡಾ. ಅಂಬೇಡ್ಕರ್ ಸ್ಪಷ್ಟನೆ ಕೊಟ್ಟರು: ಇಲ್ಲಿ ತನಿಖೆಯೆಂದರೆ ಅಪರಾಧದ ತನಿಖೆಯಲ್ಲ, ಅದು ದಂಡಪ್ರಕ್ರಿಯಾ ಸಂಹಿತೆಯಡಿ ಪೊಲೀಸ್ ಅಧಿಕಾರಿಗೆ ಮಾತ್ರ ಸೇರಿದ್ದು, ಕೇಂದ್ರದ ಬ್ಯೂರೋ ಮಾಹಿತಿ ಪಡೆಯಲು ವಿಚಾರಿಸಬಹುದು, ಅಷ್ಟೇ. ಆ ಗೆರೆಯನ್ನು ಎಳೆದವರು ಅವರು. ಆದರೆ ಆ ನಮೂದು ಸಂಸತ್ತಿಗೆ ಕಾನೂನು ಮಾಡುವ ಅಧಿಕಾರ ಕೊಡುತ್ತದೆ, ತಾನೇ ಕಾನೂನಲ್ಲ.

ಈ ಕೊರತೆಯನ್ನು ನ್ಯಾಯಾಲಯದ ಮುಂದಿಟ್ಟವರಲ್ಲಿ ಐಬಿಯಲ್ಲೇ ದೀರ್ಘಕಾಲ ದುಡಿದು ಮೈಸೂರಿನಲ್ಲಿ ನೆಲೆಸಿದ್ದ ಆರ್.ಎನ್. ಕುಲಕರ್ಣಿ ಇದ್ದರು. ಸಂಸ್ಥೆಗೆ ಕಾನೂನಿನ ಆಧಾರವೇನು ಎಂದು ಅವರು ಕರ್ನಾಟಕ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೂಡಿದರು. ಹೊರಗಿನ ಟೀಕಾಕಾರರಲ್ಲ, ಒಳಗೆ ಬೆವರು ಸುರಿಸಿದವರೇ ಇದನ್ನು ಕೇಳಿದರು. ಕಾರಣ ಅರ್ಥವಾಗುವಂಥದ್ದು. ಮೇಲಿನವರು ವಿರೋಧ ಪಕ್ಷದ ನಾಯಕನನ್ನು ಹಿಂಬಾಲಿಸು ಎಂದರೆ, ಕೆಳಗಿನ ಅಧಿಕಾರಿ ‘ಕಾಯ್ದೆ ಇದಕ್ಕೆ ಅವಕಾಶ ಕೊಡುವುದಿಲ್ಲ’ ಎಂದು ಹೇಳಲು ಮೊದಲು ಕಾಯ್ದೆ ಇರಬೇಕು. ಈಗ ಇರುವುದು ಅವನ ಬಾಯಿ ಕಟ್ಟುವ 1985ರ ಕಾಯ್ದೆ: ಸಂಘ ಕಟ್ಟುವಂತಿಲ್ಲ, ಪತ್ರಿಕೆಗಳ ಜತೆ ಮಾತಾಡುವಂತಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಐಬಿಗೆ ವಿನಾಯಿತಿ ಕೊಟ್ಟಿದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ವಿಷಯ ಮಾತ್ರ ಅದಕ್ಕೆ ಹೊರತು. 2025–26ರ ಬಜೆಟ್‌ನಲ್ಲಿ ಐಬಿಗೆ ತೆಗೆದಿರಿಸಿದ್ದು ಸುಮಾರು 3,900 ಕೋಟಿ ರೂಪಾಯಿ. ಆ ಹಣದಿಂದ ಎಂಥ ಕೆಲಸವಾಯಿತೆಂದು ಗುಟ್ಟು ಕಾಯ್ದುಕೊಂಡೇ ವಿಚಾರಿಸುವ ಪ್ರತ್ಯೇಕ ಸಂಸದೀಯ ಸಮಿತಿ ಇಲ್ಲ.

ಬೇರೆ ಪ್ರಜಾಪ್ರಭುತ್ವಗಳು ಇದೇ ದಾರಿ ನಡೆದು ಬಂದಿವೆ. 1909ರಲ್ಲಿ ಹುಟ್ಟಿದ ಎಂಐ5 ಎಂಬತ್ತು ವರ್ಷ ಶಾಸನವಿಲ್ಲದೆ ಇತ್ತು. 1989ರಲ್ಲಿ ಅದಕ್ಕೊಂದು ಕಾಯ್ದೆ, 1994ರ ಕಾಯ್ದೆಯ ಮೂಲಕ ಸಂಸದರ ಸಮಿತಿ ಬಂತು. ಎಂಐ5ಗೂ ಬಂಧಿಸುವ ಅಧಿಕಾರವಿಲ್ಲ. ಕೆನಡಾದಲ್ಲಿ ಪೊಲೀಸರ ಗುಪ್ತಚರ ವಿಭಾಗದ ಅಕ್ರಮಗಳು ಬಯಲಾದ ಮೇಲೆ 1984ರಲ್ಲಿ ಸಿಎಸ್‌ಐಎಸ್ ಎಂಬ ಪ್ರತ್ಯೇಕ ಸಂಸ್ಥೆಯನ್ನು ಶಾಸನದ ಮೂಲಕವೇ ಕಟ್ಟಿದರು.

ಶಾಸನ ಬಂದರೆ ಎಲ್ಲ ಸರಿಹೋಗುತ್ತದೆಂದು ಯಾರೂ ಹೇಳಲಾರರು. ಸಿಎಸ್‌ಐಎಸ್ ಹುಟ್ಟಿದ ಮರುವರ್ಷವೇ, 1985ರ ಜೂನ್ 23ರಂದು, ಏರ್ ಇಂಡಿಯಾದ ಕನಿಷ್ಕ ವಿಮಾನ ಬಾಂಬಿಗೆ ಸಿಕ್ಕಿ 329 ಜನ ಸತ್ತರು. ಶಂಕಿತನ ಫೋನ್ ಮಾತುಕತೆಗಳ ಧ್ವನಿಸುರುಳಿಗಳನ್ನು ಆ ಸಂಸ್ಥೆ ಅಳಿಸಿಹಾಕಿತ್ತು. ಗುಪ್ತಚರರಿಗೂ ಪೊಲೀಸರಿಗೂ ಹೊಂದಾಣಿಕೆ ಇರಲಿಲ್ಲ. ಆದರೆ ನ್ಯಾಯಮೂರ್ತಿ ಮೇಜರ್ ಆಯೋಗ ಈ ತಪ್ಪುಗಳನ್ನೆಲ್ಲ ಬಿಡಿಸಿ 2010ರಲ್ಲಿ ಬಹಿರಂಗವಾಗಿ ಬರೆಯಿತು, ಸರ್ಕಾರ ಸತ್ತವರ ಕುಟುಂಬಗಳ ಕ್ಷಮೆ ಕೇಳಿತು.

ನಮ್ಮಲ್ಲಿ 2011ರಲ್ಲಿ ಸಂಸದ ಮನೀಶ್ ತಿವಾರಿ ಐಬಿ, ರಾ, ತಾಂತ್ರಿಕ ಬೇಹುಗಾರಿಕೆಯ ಎನ್‌ಟಿಆರ್‌ಒ ಮೂರನ್ನೂ ಕಾನೂನಿನಡಿ ತರುವ ಖಾಸಗಿ ಮಸೂದೆ ಮಂಡಿಸಿದರು. ಅದು ಕಾಯ್ದೆಯಾಗಲಿಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನಕ್ಕೆ ಕೈಹಾಕುವ ಸರ್ಕಾರಿ ಕ್ರಮಕ್ಕೆ ಕಾನೂನಿನ ಆಧಾರ ಇರಬೇಕು, ನ್ಯಾಯಬದ್ಧ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬುದು ಅಲ್ಲಿ ರೂಪುಗೊಂಡ ಒರೆಗಲ್ಲು. ಮರುವರ್ಷ ದತ್ತಾಂಶ ರಕ್ಷಣೆಯ ಬಗ್ಗೆ ವರದಿ ಕೊಟ್ಟ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯೂ ಗುಪ್ತಚರ ಸಂಸ್ಥೆಗಳಿಗೆ ಕಾನೂನು ಬೇಕೆಂದೇ ಹೇಳಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸರ್ಕಾರ ಹೆಸರಿಸುವ ಸಂಸ್ಥೆಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಡಲು ಅವಕಾಶ ಕೊಟ್ಟಿದೆ.

ಹಾಗಾದರೆ ಶಾಸನದಲ್ಲಿ ಏನಿರಬೇಕು? ಐಬಿಯ ಕೆಲಸ ಏನೆಂಬುದರ ಸ್ಪಷ್ಟ ವಿವರಣೆ ಮೊದಲು. ಅಂಬೇಡ್ಕರ್ ಎಳೆದ ಗೆರೆ, ಬಂಧನ, ಶೋಧ, ಬಲವಂತದ ವಿಚಾರಣೆಯ ಅಧಿಕಾರ ಇಲ್ಲವೆಂಬ ಮಾತು, ಅಕ್ಷರದಲ್ಲಿ ಬರಬೇಕು. ಪಕ್ಷ ರಾಜಕಾರಣಕ್ಕಾಗಿ ಯಾರ ಮೇಲೂ ಕಣ್ಣಿಡಕೂಡದೆಂಬ ನಿಷೇಧ ಇರಬೇಕು. ಅಂಥ ಆದೇಶ ಬಂದಾಗ ನಿರಾಕರಿಸುವ ನೌಕರನಿಗೆ ರಕ್ಷಣೆ ಇರಬೇಕು. ಫೋನ್ ಕದ್ದಾಲಿಕೆಯ ಪರಿಶೀಲನಾ ಸಮಿತಿಯಲ್ಲಿ ಹಾಲಿ ಅಥವಾ ನಿವೃತ್ತ ನ್ಯಾಯಾಧೀಶರೊಬ್ಬರು ಇರಬೇಕು. ಆಡಳಿತ ಪಕ್ಷ, ವಿರೋಧ ಪಕ್ಷ ಎರಡರ ಸಂಸದರೂ ಇರುವ ಪುಟ್ಟ ಸಮಿತಿ, ಗೋಪ್ಯತೆಯ ಪ್ರಮಾಣ ಸ್ವೀಕರಿಸಿ, ನಡೆದುಹೋದ ಕಾರ್ಯಾಚರಣೆಗಳನ್ನೂ ಖರ್ಚನ್ನೂ ಪರಿಶೀಲಿಸಬೇಕು. ನಡೆಯುತ್ತಿರುವ ಕಾರ್ಯಾಚರಣೆಗೆ ಅದು ಕೈಹಾಕಬೇಕಿಲ್ಲ. ರಾಜ್ಯಗಳ ಗುಪ್ತವಾರ್ತೆ ವಿಭಾಗಗಳ ಜತೆ ಮಾಹಿತಿ ಹಂಚಿಕೆಯ ಕರ್ತವ್ಯ 2008ರ ಆದೇಶದಿಂದ ಕಾಯ್ದೆಯ ಪುಟಕ್ಕೆ ಏರಬೇಕು. ಅನ್ಯಾಯಕ್ಕೊಳಗಾದ ನಾಗರಿಕ ಇಪ್ಪತ್ನಾಲ್ಕು ವರ್ಷ ಕಾಯದೆ ದೂರು ಕೊಡಬಲ್ಲ ಒಂದು ನ್ಯಾಯಮಂಡಳಿ ಬೇಕು.

ಇವುಗಳಲ್ಲಿ ಯಾವುದಕ್ಕೂ ಸಂವಿಧಾನದ ತಿದ್ದುಪಡಿ ಬೇಕಿಲ್ಲ. ಕೇಂದ್ರಪಟ್ಟಿಯ 8ನೇ ನಮೂದು ಅಧಿಕಾರ ಕೊಟ್ಟಿದೆ, 2011ರ ಮಸೂದೆ ಕರಡಿಗೆ ಆಧಾರವಾಗಬಲ್ಲದು, ಪುಟ್ಟಸ್ವಾಮಿ ತೀರ್ಪು ಅಳತೆಗೋಲು ಕೊಟ್ಟಿದೆ. ಲೋಕಸಭೆಗೆ ಕರ್ನಾಟಕ 28 ಸದಸ್ಯರನ್ನು ಕಳಿಸುತ್ತದೆ. ಈ ಸಭೆಯಲ್ಲಿರುವ ಕಾನೂನು ವಿದ್ಯಾರ್ಥಿಗಳು, ವಕೀಲರು, ಮತದಾರರು ತಮ್ಮ ಕ್ಷೇತ್ರದ ಸಂಸದರನ್ನು ಕಂಡು, ಪಕ್ಷ ಯಾವುದೇ ಇರಲಿ, ಈ ಮಸೂದೆಯನ್ನು ಸದನಕ್ಕೆ ತರುತ್ತೀರಾ ಎಂದು ಕೇಳಬೇಕು. ಕೊಟ್ಟ ಉತ್ತರವನ್ನು ಬರಹದಲ್ಲಿ ಪಡೆಯಬೇಕು.